ಗೆಳೆಯನಿಗೊಂದು ಪತ್ರ: ಬರಿದಾದ ಸಭೆ

ಪ್ರಿಯ ಗೆಳೆಯಾ,

ಮೇಷ್ಟ್ರು ಹೋದ ಮೇಲೆ ಹೇಗಿದ್ದೀಯ ಎಂದು ಕೇಳಿದ್ದೀಯೆ. ಇಲ್ಲಿ ಬಂದವರೆಲ್ಲ ನನಗೆ ಸಾಸಿವೆ ಕಾಳಿನ ಕಥೆ ಹೇಳಿ ಹೋದರು. ಸಾವಿಲ್ಲದ ಮನೆಯಿಲ್ಲ, ಅಳಬೇಡ ಎಂದು. ನನಗೆ ಸಿಟ್ಟು ಬಂತು. ಬುದ್ಧ ಕಿಸಾಗೋತಮಿಯನ್ನು ಮನೆಮನೆಗೆ ಕಳಿಸಿದ್ದು ಅವಳ ಬಾಯಿ ಮುಚ್ಚಿಸಲಿಕ್ಕಲ್ಲ. ಊರವರ ದುಃಖವೂ ಅವಳ ಕಿವಿಗೆ ಬೀಳಲಿ ಎಂದು.

ಆ ಸಿಟ್ಟಿನಲ್ಲೇ ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯ ತೆರೆದೆ. ಅದರ 47ನೆಯ ಸಂಯುತ್ತದಲ್ಲಿ, ಅಂದರೆ ಅಧ್ಯಾಯದಲ್ಲಿ, ಅಕ್ಕಪಕ್ಕ ಎರಡು ಸುತ್ತಗಳಿವೆ, ಉಪದೇಶಗಳು. ಮೊದಲನೆಯದರಲ್ಲಿ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ಮಗಧದ ನಾಲಕ ಗ್ರಾಮದಲ್ಲಿ ತೀರಿಕೊಂಡಿದ್ದಾನೆ. ಚುಂದನೆಂಬ ಸಾಮಣೇರ, ಕಿರಿಯ ಸನ್ಯಾಸಿ, ಅವನ ಭಿಕ್ಷಾಪಾತ್ರೆ, ಚೀವರದ ಬಟ್ಟೆ ಹಿಡಿದು ಬುದ್ಧನಿದ್ದ ಸಾವತ್ಥಿಗೆ ಬರುತ್ತಾನೆ. ಸುದ್ದಿ ಕೇಳಿದ ಬುದ್ಧನ ಆಪ್ತ ಶಿಷ್ಯ ಆನಂದ ದಿಕ್ಕು ತೋಚುತ್ತಿಲ್ಲ, ಧರ್ಮವೂ ಹೊಳೆಯುತ್ತಿಲ್ಲ ಎನ್ನುತ್ತಾನೆ. ಸಾರಿಪುತ್ತ ಹೋಗುವಾಗ ನಿನ್ನ ಶೀಲವನ್ನೋ ಸಮಾಧಿಯನ್ನೋ ಪ್ರಜ್ಞೆಯನ್ನೋ ಕೊಂಡೊಯ್ದನೇ ಎಂದು ಬುದ್ಧ ಕೇಳುತ್ತಾನೆ. ಇಲ್ಲ, ಆದರೆ ಅವನು ನಮಗೆ ತಿಳಿಹೇಳುತ್ತಿದ್ದ, ಹುರಿದುಂಬಿಸುತ್ತಿದ್ದ ಎನ್ನುತ್ತಾನೆ ಆನಂದ. ಬಹಳ ಹೊತ್ತಿನವರೆಗೆ ಈ ಉತ್ತರವನ್ನು ದಾಟಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

ಎರಡನೆಯದರಲ್ಲಿ ಇನ್ನೊಬ್ಬ ಹಿರಿಯ ಶಿಷ್ಯ ಮೊಗ್ಗಲ್ಲಾನನೂ ಇಲ್ಲ. ಗಂಗೆಯ ದಡದ ಉಕ್ಕಚೇಲದಲ್ಲಿ, ಮೌನವಾಗಿ ಕುಳಿತ ಭಿಕ್ಷುಗಳನ್ನು ನೋಡಿ ಬುದ್ಧ ಈ ಸಭೆ ತನಗೆ ಬರಿದಾಗಿ ಕಾಣುತ್ತಿದೆ ಎನ್ನುತ್ತಾನೆ. ತನಗೆ ಶೋಕವಿಲ್ಲ ಎಂದೂ ಅಲ್ಲಿಯೇ ಹೇಳುತ್ತಾನೆ. ಆದರೂ ಬರಿದಾದದ್ದನ್ನು ತುಂಬಿದೆ ಎನ್ನುವುದಿಲ್ಲ, ನೋಡು! ಆಮೇಲೆ ನಿಮಗೆ ನೀವೇ ಶರಣಾಗಿರಿ ಎಂದು ಹೇಳಿ ದಾರಿಯನ್ನೂ ತೋರಿಸುತ್ತಾನೆ: ಕಾಯ, ವೇದನೆ (ಸುಖದುಃಖಗಳ ಅನುಭವ), ಚಿತ್ತ, ಧರ್ಮ (ಮನಸ್ಸಿಗೆ ತೋರುವ ವಿಷಯಗಳು) ಇವನ್ನು ಎಚ್ಚರದಿಂದ ಗಮನಿಸುವುದು. ಎದೆ ಹಿಂಡಿದರೆ ಹಿಂಡುತ್ತಿದೆ ಎಂದು ತಿಳಿಯುವುದು. ಈಗ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತೇನೆ. ನೋವು ಕಡಿಮೆಯಾಗಿಲ್ಲ, ಅದರ ಜೊತೆ ಇರಲು ಬರುತ್ತಿದೆ.

ನನ್ನನ್ನು ಕಾಡುವುದು ಬೇರೆಯೇ. ನಮ್ಮ ಪೇಟೆಯಲ್ಲಿ ಕಲ್ಲು ತೂರಾಟವಾದಾಗ ಮೇಷ್ಟ್ರು ಎರಡೂ ಕಡೆಯ ಮನೆಗಳಿಗೆ ಹೋಗಿ ಜಗಲಿಯಲ್ಲಿ ಕುಳಿತಿದ್ದರು, ನಿನಗೆ ನೆನಪಿದೆ. ಕೋಸಲದ ರಾಜ ವಿಡೂಡಭನ ಕಥೆಯನ್ನು ನಮಗೆ ಹೇಳಿದವರೂ ಅವರೇ. ಬುದ್ಧನ ಬಂಧುಗಳಾದ ಶಾಕ್ಯರ ಕುಲದ ಹಮ್ಮಿನಿಂದ ಅವಮಾನಗೊಂಡು ಅವನು ಸೇನೆಯೊಂದಿಗೆ ಹೊರಟಾಗ, ಬುದ್ಧ ಗಡಿಯಲ್ಲಿ ನೆರಳು ತೆಳುವಾದ ಮರದಡಿ ಕುಳಿತಿದ್ದ. ಬಂಧುಗಳ ನೆರಳು ತಂಪು ಎಂದ. ಮೂರು ಸಲ ಸೇನೆ ಹಿಂದಿರುಗಿತು. ನಾಲ್ಕನೆಯ ಸಲ ಬುದ್ಧ ಹೋಗಲಿಲ್ಲ, ಶಾಕ್ಯರು ಹತರಾದರು ಎನ್ನುತ್ತದೆ ಅಟ್ಠಕಥೆ, ಅಂದರೆ ಪಾಲಿ ವ್ಯಾಖ್ಯಾನ.

ಪೇಟೆಯಲ್ಲಿ ಮತ್ತೆ ಪಿಸುಮಾತು ಶುರುವಾಗಿದೆ. ಈ ಸಲ ಆ ಜಗಲಿಗಳಲ್ಲಿ ಕೂರಬೇಕಾದವನು ನಾನು. ನನಗೆ ಭಯವಾಗುತ್ತಿದೆ. ಇದನ್ನು ಮನೆಯಲ್ಲಿ ಕೂಡ ಹೇಳಿಲ್ಲ. ಇಷ್ಟು ದಿನ ನಾನು ಧೈರ್ಯವೆಂದುಕೊಂಡಿದ್ದು ಅವರ ಬೆನ್ನ ಹಿಂದೆ ನಡೆಯುವ ಸುಖವಾಗಿತ್ತು ಅನ್ನಿಸುತ್ತದೆ. ಆದರೂ ಹೋಗುತ್ತೇನೆ.

ಸಾಕು, ಇಷ್ಟೆಲ್ಲ ಬರೆಯಲು ಕುಳಿತಿರಲಿಲ್ಲ. ಡಿಸೆಂಬರಿನಲ್ಲಿ ಬರುವೆಯಲ್ಲ? ಚಟ್ನಿಪುಡಿ ಮಾಡಿಸಿಡುತ್ತೇನೆ. ಕಪ್ಪು ಕೊಡೆ ಮಾತ್ರ ತರಬೇಡ. ಕಾರಣ ನಿನಗೆ ಗೊತ್ತು, ಇದನ್ನು ಓದುವ ಉಳಿದವರು ಕೇಳಿದರೂ ಹೇಳಬೇಡ.

ನಿನ್ನ,
ಹಿಂದಿನ ಬೆಂಚಿನವನು