ಓವರ್‌ಡ್ರೈವ್ ಗೇರ್: ಭಾನುವಾರ ಬರುವವರು ಓದಿ

ಎಲ್ಲರಿಗೂ ನಮಸ್ಕಾರ.

ನಮ್ಮ ಗುಂಪಿನ ಸುಜುಕಿ ಇಂಟ್ರೂಡರ್ 1800 ಬೈಕಿಗೆ ಉದ್ದದ ಟಾಪ್ ಗೇರ್ (ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುವ ಐದನೇ ಗೇರ್) ಮಾಡಿಸುವ ಮಾತು ಈಗ ಕೆಲಸಕ್ಕೆ ಬಂದಿದೆ. ಭಾನುವಾರ ಬೆಳಿಗ್ಗೆ 7ಕ್ಕೆ ಕಾರವಾರ ಟ್ಯಾಗೋರ್ ಬೀಚ್ ಹತ್ತಿರ ಸೇರೋಣ.

ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಬದಲಿಸಿದರೆ ಸಾಕಲ್ವಾ ಅಂತ ಕೆಲವರು ಕೇಳಿದ್ದಾರೆ. ಇದು ಶಾಫ್ಟ್ ಡ್ರೈವ್ ಗಾಡಿ, ಹಿಂದಿನ ಚಕ್ರ ತಿರುಗಿಸುವುದು ಒಂದು ದಂಡ, ಚೈನೇ ಇಲ್ಲ. ಇದ್ದಿದ್ದರೂ ಸ್ಪ್ರಾಕೆಟ್ ಐದೂ ಗೇರನ್ನು ಉದ್ದ ಮಾಡುತ್ತದೆ, ದೇವಿಮನೆ ಘಟ್ಟದ ತಿರುವಿನಲ್ಲಿ ಅದು ಬೇಡ. ನಮಗೆ ಬೇಕಾದದ್ದು ಐದನೆಯದು ಮಾತ್ರ.

ಗೇರ್‌ಬಾಕ್ಸ್ ಒಳಗೆ ಜೋಡಿ ಗೇರುಗಳು ಕೂರುವ ಎರಡು ಶಾಫ್ಟ್‌ಗಳ ನಡುವಿನ ಅಂತರ ಬದಲಾಗುವುದಿಲ್ಲ. ಹಾಗಾಗಿ ಹಲ್ಲಿನ ಸೈಜ್ ಅದೇ ಇಟ್ಟರೆ ಜೋಡಿಯ ಒಟ್ಟು ಹಲ್ಲುಗಳೂ ಅಷ್ಟೇ ಇರಬೇಕು. ಉದಾಹರಣೆಗೆ 26–27 (ಮೊದಲನೆಯದು ತಿರುಗಿಸುವ ಗೇರಿನ ಹಲ್ಲು, ಎರಡನೆಯದು ತಿರುಗುವ ಗೇರಿನದು) ಇದ್ದ ಜೋಡಿಯನ್ನು 28–25 ಮಾಡಿದರೆ ಒಟ್ಟು 53 ಹಾಗೇ ಉಳಿಯುತ್ತದೆ. ಅದೇ ವೇಗಕ್ಕೆ 3,500 ಆರ್‌ಪಿಎಂ ಇದ್ದದ್ದು ಸುಮಾರು 3,000ಕ್ಕೆ ಇಳಿಯುತ್ತದೆ. ಅಂಕೋಲಾ ದಾಟಿ ಹೈವೇಯಲ್ಲಿ ಹೋಗುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಓವರ್‌ಟೇಕ್‌ಗೆ ನಾಲ್ಕನೇ ಗೇರಿಗೆ ಇಳಿಸಬೇಕು, ಅಷ್ಟೇ.

ಹಲ್ಲು ಕತ್ತರಿಸುವುದು ಸುಲಭ. ಆದರೆ ಗೇರಿನ ಪಕ್ಕದ ಡಾಗ್‌ಗಳು (ಗೇರ್ ಬಿದ್ದಾಗ ಪಕ್ಕದ ಗೇರಿಗೆ ಕಚ್ಚಿಕೊಳ್ಳುವ ಉಬ್ಬುಗಳು) ಹಳೆಯದಕ್ಕೆ ಸರಿಯಾಗಿ ಕೂರಬೇಕು, ಆಮೇಲೆ ಕೇಸ್ ಹಾರ್ಡನಿಂಗ್ (ಮೇಲ್ಮೈ ಗಟ್ಟಿ ಮಾಡುವುದು), ಗ್ರೈಂಡಿಂಗ್. ಇದು ಇಲ್ಲಿನ ಲೇತ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ, ಬೆಳಗಾವಿಗೆ ಕಳಿಸಬೇಕು. ಅಗ್ಗಕ್ಕೆ ಮಾಡಿಸೋಣ ಅನ್ನುವವರು ಸುಮ್ನೆ ಇರಿ! ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್, ಒಂದು ಹಲ್ಲು ಮುರಿದರೆ ಚೂರು ಎಂಜಿನ್‌ಗೂ ಸೇರಿ ಖರ್ಚು ಎಲ್ಲಿಗೋ ಹೋಗುತ್ತದೆ.

ಹಳೆಯ ಐದನೇ ಗೇರ್ ಜೋಡಿ ಯಾರ ಹತ್ತಿರವಾದರೂ ಇದ್ದರೆ ತನ್ನಿ. ಅಳತೆಗೆ ವರ್ನಿಯರ್ ನಾನು ತರುತ್ತೇನೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.