ಚಾರ್ಜರ್ ಬಿಚ್ಚುವ ಮೊದಲು ಮನೆಯ ಲೈನ್ ನೋಡುತ್ತೇವೆ

ಪುತ್ತೂರು ಮತ್ತು ಸುತ್ತಮುತ್ತಲಿನ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಎಲೆಕ್ಟ್ರಿಕ್ ಕಾರ್ ಚಾರ್ಜರ್ ಸರ್ವಿಸ್ ಕ್ರಮ ಬದಲಾಗುತ್ತಿದೆ. ಇಷ್ಟು ದಿನ "ಕಾರು ಚಾರ್ಜ್ ಆಗ್ತಿಲ್ಲ" ಅಂತ ಫೋನ್ ಬಂದರೆ ನಮ್ಮವರು ಬಂದು ಚಾರ್ಜರ್ ಬಿಚ್ಚಿ ಅಂಗಡಿಗೆ ತರುತ್ತಿದ್ದರು. ಇನ್ನು ಮೊದಲು ನಿಮ್ಮ ಮನೆಯಲ್ಲೇ ಲೈನ್, ಸಾಕೆಟ್, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಪರೀಕ್ಷೆ. ಅದೆಲ್ಲ ಸರಿ ಇದ್ದರೆ ಮಾತ್ರ ಚಾರ್ಜರ್‌ಗೆ ಕೈ ಹಾಕುತ್ತೇವೆ. ಇದಕ್ಕೆ ಬೇರೆ ದುಡ್ಡಿಲ್ಲ, ವಿಸಿಟ್ ಚಾರ್ಜ್‌ನಲ್ಲೇ ಸೇರಿದೆ.

ಚಾರ್ಜರ್ ಕೆಟ್ಟಿದೆ ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಅದರ ಹಿಂದಿನ ವೈರಿಂಗ್‌ದೇ. ಚಾರ್ಜರನ್ನು ಕಂಪನಿಗೆ ಕಳಿಸಿ, ವಾರಗಟ್ಟಲೆ ಕಾದು, ಅದು "ದೋಷ ಇಲ್ಲ" ಅಂತ ವಾಪಸ್ ಬಂದು, ಗೋಡೆಗೆ ಹಾಕಿದ ಕೂಡಲೇ ಮತ್ತೆ ಅದೇ ಕೆಂಪು ದೀಪ ಹತ್ತಿದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ?

ದೊಡ್ಡ ತಕರಾರು ಅರ್ಥಿಂಗ್‌ದು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ, ಮಾರ್ಚ್ ಹೊತ್ತಿಗೆ ಅರ್ಥಿಂಗ್ ಹಾಕಿದ ಗುಂಡಿ ಒಣಗಿ ಕೈಕೊಡುತ್ತದೆ. ಫ್ಯಾನು, ಫ್ರಿಜ್ಜು ಹೇಗೋ ಓಡುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚಿನ ಕಾರ್ ಚಾರ್ಜರ್‌ಗಳು ಮಾತ್ರ ಅರ್ಥಿಂಗ್ ಸರಿ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ನಾವು ಮೀಟರ್ ಇಟ್ಟು ನೋಡುವಾಗ ಫೇಸ್ (ಕರೆಂಟು ಬರುವ ವೈರ್)-ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್) ಮತ್ತು ಫೇಸ್-ಅರ್ಥ್ ಎರಡೂ 230 ವೋಲ್ಟ್ ಆಸುಪಾಸು ಇರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಇರಬಾರದು. ಅನುಮಾನ ಬಂದರೆ ಅರ್ಥ್ ಟೆಸ್ಟರ್ ಕೂಡ ಹಾಕುತ್ತೇವೆ.

ಒಂದು ವಿಷಯ ಖಡಾಖಂಡಿತವಾಗಿ ಹೇಳಿಬಿಡುತ್ತೇವೆ. ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥಿಗೆ ಒಂದು ತುಂಡು ವೈರ್ ಕೊಟ್ಟು ಚಾರ್ಜರ್ ಓಡಿಸುವ ಕೆಲಸ ನಾವು ಮಾಡುವುದಿಲ್ಲ, ದಯವಿಟ್ಟು ಕೇಳಬೇಡಿ. ಬೇರೆಯವರಿಂದಲೂ ಮಾಡಿಸಬೇಡಿ. ದೀಪ ಹಸಿರಾಗುತ್ತದೆ, ನಿಜ. ಆದರೆ ಸಾಕೆಟ್ಟಿನ ಹಿಂದಿನ ಲೈನಿನಲ್ಲಿ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಅದೇ ತುಂಡು ವೈರಿನಿಂದ ಕರೆಂಟು ಕಾರಿನ ಬಾಡಿಗೇ ಬರುತ್ತದೆ, ಬರಿಗಾಲಲ್ಲಿ ನಿಂತು ಬಾಗಿಲು ತೆಗೆಯುವ ಮಗುವಿಗೆ ಏನಾದೀತು ಯೋಚಿಸಿ.

ಇನ್ನು ಸಾಕೆಟ್. ಗೀಸರ್‌ಗೆ ಸಾಕಾಗುವ ಸಾಕೆಟ್ ಚಾರ್ಜರ್‌ಗೂ ಸಾಕು ಅಂದುಕೊಳ್ಳಬೇಡಿ. ಗೀಸರ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, 3.3 ಕಿಲೋವಾಟ್ ಚಾರ್ಜರ್ ಆದರೆ ಗಂಟೆಗಟ್ಟಲೆ ಒಂದೇ ಸಮ 14-15 ಆಂಪಿಯರ್ ಎಳೆಯುತ್ತದೆ. ಈಚೆಗೆ ಒಂದು ಮನೆಯಲ್ಲಿ ಸಾಕೆಟ್ ಬಿಚ್ಚಿದಾಗ ಹೊರಗಿನಿಂದ ಬೆಳ್ಳಗೆ ಹೊಸದರ ಹಾಗಿತ್ತು, ಒಳಗೆ ಫೇಸ್ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ವೈರಿನ ಸಿಪ್ಪೆ ಮುಟ್ಟಿದರೆ ಉದುರುತ್ತಿತ್ತು. ಚಾರ್ಜರ್‌ಗೆ ಏನೂ ಆಗಿರಲಿಲ್ಲ. ಹಾಗಾಗಿ ಮೀಟರ್ ಬೋರ್ಡಿನಿಂದ ಪ್ರತ್ಯೇಕ 4 ಸ್ಕ್ವೇರ್ ಎಂಎಂ ತಾಮ್ರದ ಲೈನ್, ಅದಕ್ಕೆ ಬೇರೆ ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಇಲ್ಲದ ಕಡೆ ಇನ್ನು ಹೊಸ ಚಾರ್ಜರ್ ಕೂರಿಸುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ. 7.4 ಕಿಲೋವಾಟ್‌ನ ಚಾರ್ಜರ್ ಬೇಕಿದ್ದವರು ಮೊದಲು ನಮ್ಮ ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ.

ಫೋನ್ ಮಾಡುವಾಗ ಚಾರ್ಜಿಂಗ್ ಯಾವಾಗ ನಿಲ್ಲುತ್ತದೆ ಅಂತ ಹೇಳಿದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ. ಗನ್ (ಕಾರಿಗೆ ಚುಚ್ಚುವ ಚಾರ್ಜರ್ ಹಿಡಿ) ಚುಚ್ಚಿದ ತಕ್ಷಣ ಆರ್‌ಸಿಸಿಬಿ ಬಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ, ಮಳೆಗಾಲದಲ್ಲಿ ಗನ್ ಒಳಗೆ ನೀರಿಳಿದರೂ ಹೀಗಾಗುತ್ತದೆ. ಅರ್ಧ ಗಂಟೆ ಓಡಿ ಎಂಸಿಬಿ ಬಿದ್ದರೆ ಬಿಸಿಯ ಸಮಸ್ಯೆ, ಲೂಸ್ ಕನೆಕ್ಷನ್ ಇರಬಹುದು. ಸಂಜೆ ಚಾರ್ಜ್ ಆಗದೆ ರಾತ್ರಿ ಹನ್ನೊಂದರ ಮೇಲೆ ಸುಸೂತ್ರ ಆಗುತ್ತದೆ ಅಂದರೆ ನಿಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುತ್ತಿರಬಹುದು, ಅಷ್ಟಕ್ಕೆ ಸುಮ್ನೆ ನಮ್ಮನ್ನು ಕರೆಸಿ ದುಡ್ಡು ಕೊಡುವುದು ಬೇಡ, ರಾತ್ರಿಯೇ ಹಾಕಿಕೊಳ್ಳಿ, ಮೆಸ್ಕಾಂಗೆ ಒಂದು ದೂರು ಕೊಡಿ. ದೀಪ ಎಷ್ಟು ಸಲ ಮಿನುಗುತ್ತದೆ ಅನ್ನುವ ಒಂದು ವಿಡಿಯೋ ವಾಟ್ಸಾಪ್ ಮಾಡಿದರೆ ಇನ್ನೂ ಒಳ್ಳೆಯದು.

ಸಾಕೆಟ್ ಬಿಸಿಯಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಪ್ಲಗ್ ಎಳೆಯಬೇಡಿ, ಬೋರ್ಡಿನಲ್ಲಿ ಎಂಸಿಬಿ ಇಳಿಸಿ ಆಮೇಲೆ ಫೋನ್ ಮಾಡಿ. ಅಂಥ ಕರೆಗಳಿಗೆ ಸರದಿ ಇಲ್ಲ, ಭಾನುವಾರವೂ ಬರುತ್ತೇವೆ.

ಇಂತಿ,
ನಿಮ್ಮ ಚಾರ್ಜರ್ ಸರ್ವಿಸ್ ಅಂಗಡಿಯವರು