ಹಳದಿ ಬಾವುಟ ಹಿಡಿದಿದ್ದ ಅಣ್ಣನಿಗೆ

ಹೋದ ವಾರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ರೇಸಿನ ಮಧ್ಯೆ ನನ್ನ ಕಾರಿನ ಫ್ಯುಯೆಲ್ ಪಂಪ್ ಕೈಕೊಟ್ಟಿತು. ತಿರುವು ದಾಟಿದ ಕೂಡಲೇ ಎಂಜಿನ್ ಬಂದ್. ಅರ್ಧ ಕಾರು ಟ್ರ್ಯಾಕ್ ಮೇಲೆ, ಅರ್ಧ ಹುಲ್ಲಿನ ಮೇಲೆ. ಹಿಂದಿನಿಂದ ಬರುವವರಿಗೆ ನಾನು ಕಾಣುವುದೇ ಇಲ್ಲ. ಎದೆ ಢವಢವ ಅನ್ನುತ್ತಿತ್ತು.

ಕಾರು ಪೂರ್ತಿ ನಿಲ್ಲುವ ಮೊದಲೇ, ಟ್ರ್ಯಾಕ್ ಬದಿಯ ಮಾರ್ಷಲ್ ಪೋಸ್ಟ್‌ನಲ್ಲಿದ್ದ ನೀವು ಹಳದಿ ಬಾವುಟ ಬೀಸುತ್ತಿದ್ದಿರಿ. ಮರುಕ್ಷಣವೇ ಎರಡು ಬಾವುಟ. ಒಂದು ಬೀಸಿದರೆ ನಿಧಾನಿಸಿ, ಓವರ್‌ಟೇಕ್ ಬೇಡ ಅಂತ. ಎರಡು ಬೀಸಿದರೆ ನಿಲ್ಲಿಸಲೂ ಸಿದ್ಧರಿರಿ ಅಂತ. ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಒಂದೊಂದೇ ಕಾರು ವೇಗ ಇಳಿಸಿ, ಸಾಲಾಗಿ ಪಕ್ಕದಿಂದ ಹೋಯಿತು. ಆಗ ಹೋದ ಜೀವ ಬಂದಂತಾಯಿತು.

ನಾನು ಬೆಲ್ಟ್ ಬಿಚ್ಚಲು ಹೊರಟಾಗ ದೂರದಿಂದಲೇ ಅಂಗೈ ತೋರಿಸಿ ತಡೆದಿರಿ. ಬಾವುಟ ಜೊತೆಯವರ ಕೈಗೆ ಕೊಟ್ಟು, ಕಾರುಗಳ ನಡುವೆ ಜಾಗ ಸಿಕ್ಕಾಗ ಓಡಿ ಬಂದಿರಿ. ಟ್ರ್ಯಾಕ್ ಕಡೆ ನೀವಿದ್ದು, ನನ್ನನ್ನು ಇನ್ನೊಂದು ಬದಿಗೆ ಹಾಕಿಕೊಂಡು ಟೈರ್ ಗೋಡೆಯ ಹಿಂದೆ ಕರೆದುಕೊಂಡು ಹೋದಿರಿ. ಹೆಲ್ಮೆಟ್ ತೆಗೆಯಬೇಡಿ ಅಂತ ಕೈಸನ್ನೆ. ನನ್ನ ಬೆರಳು ನಡುಗುತ್ತಿದ್ದುದು ಕಂಡಿರಬೇಕು, ಆಮೇಲೆ ನಿಮ್ಮದೇ ನೀರಿನ ಬಾಟಲಿಯ ಮುಚ್ಚಳ ತೆರೆದು ಕೊಟ್ಟಿರಿ. ತಕ್ಷಣ ಮತ್ತೆ ನಿಮ್ಮ ಪೋಸ್ಟ್‌ಗೆ.

ಸಂಜೆ ಪ್ಯಾಡಕ್‌ನಲ್ಲಿ, ಅಂದರೆ ತಂಡಗಳು ಕಾರು ನಿಲ್ಲಿಸುವ ಜಾಗದಲ್ಲಿ, ಹುಡುಕಿದೆ, ಸಿಗಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ. ನಮ್ಮ ಹವ್ಯಾಸಿ ರೇಸರ್‌ಗಳ ಗುಂಪಿನಲ್ಲಿ ಲ್ಯಾಪ್ ಟೈಮ್ ಮಾತೇ ಜಾಸ್ತಿ, ಅಲ್ವಾ? ಮುಂದಿನ ರೌಂಡ್‌ಗೆ ಮೊದಲು ಎಲ್ಲರನ್ನೂ ಕೂರಿಸಿ ಬಾವುಟಗಳ ಬಗ್ಗೆ ಮಾತಾಡುತ್ತೇನೆ. ನೀವೂ ಬಂದರೆ ತುಂಬಾ ಖುಷಿ.